ಹಿಂಬದಿಯ ಪೆನ್ಸಿಲ್ ಬರಹ

ಹೂವು ಮುಡಿಯುವುದನ್ನು ಬಿಟ್ಟ ಮೇಲೆ ಮಾಮಿ ಆ ಜಾಗದಲ್ಲಿ ಪೆನ್ಸಿಲ್ ಮುಡಿಯಲು ಶುರುಮಾಡಿದರಂತೆ. ನಾನು ನೋಡುವ ಹೊತ್ತಿಗೆ ಅದು ಹೆಬ್ಬೆರಳುದ್ದದ ಮೋಟು. ನೆರೆತ ತುರುಬಿನಲ್ಲಿ ಓರೆಯಾಗಿ ಸಿಕ್ಕಿಸಿಕೊಂಡಿರುತ್ತಿದ್ದರು. ಬೇಕಾದಾಗ ಮಾತು ನಿಲ್ಲಿಸದೆಯೇ ಕೈ ಹಿಂದಕ್ಕೆ ಒಯ್ದು ಎಳೆದುಕೊಂಡು, ತುದಿಯನ್ನು ನಾಲಿಗೆಗೆ ಒಮ್ಮೆ ತಾಗಿಸಿ ಬರೆಯುವರು. ಸೀಸದ ಆ ಕಪ್ಪು ಗುರುತು ಸಂಜೆಯವರೆಗೂ ಅವರ ಕೆಳತುಟಿಯ ಮೇಲೆ ಉಳಿದಿರುತ್ತಿತ್ತು. ಅದನ್ನು ಅವರಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಚೆನ್ನೈಯ ನಮ್ಮ ಕನ್ನಡದ ವೈಷ್ಣವ ಮನೆಗಳಲ್ಲೆಲ್ಲ ಅವರು ‘ಜಾತಕದ ಮಾಮಿ’. ಮೂರು ತಲೆಮಾರಿನಿಂದ ಇಲ್ಲೇ ಇದ್ದು ಅರ್ಧ ತಮಿಳಿನಲ್ಲಿ ಕನ್ನಡ ಆಡುವ ನಮ್ಮಂಥವರೂ, ಮೈಸೂರಿನ ಕಡೆಯಿಂದ ಮೊನ್ನೆ ಮೊನ್ನೆ ಕೆಲಸಕ್ಕೆ ಬಂದು ನಮ್ಮ ಕನ್ನಡ ಕೇಳಿ ಮುಸಿಮುಸಿ ನಗುವವರೂ, ಮಗಳಿಗೆ ಇಪ್ಪತ್ತೈದು ದಾಟಿದರೆ ಅಣ್ಣಾ ನಗರದ ಅವರ ಮಹಡಿಯ ಮೆಟ್ಟಿಲು ಹತ್ತಲೇಬೇಕು. ಭಾನುವಾರ ಊಟ ಮುಗಿದ ಮೇಲೆ ಬಾಗಿಲು ತೆರೆಯುವುದು. ಹಾಲಿನ ಮೂಲೆಯಲ್ಲೊಂದು ಹಸಿರು ಟ್ರಂಕು, ಅದರ ತುಂಬ ಜಾತಕದ ಹಾಳೆಗಳು. ಮಾಮಿ ಅದರ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಿರುವರು. ಬಂದವರಿಗೆ ಕಾಫಿ, ಆಮೇಲೆ ವಿಷಯ.

ಹಾಳೆಯ ಮುಂಬದಿಯಲ್ಲಿ ಎಲ್ಲರೂ ನೋಡಬಹುದಾದದ್ದು ಇರುತ್ತಿತ್ತು: ನಕ್ಷತ್ರ, ಗೋತ್ರ, ಓದು, ಕೆಲಸ, ಎತ್ತರ. ಹಿಂಬದಿ ಮಾಮಿಯದು. ಬಂದವರು ಕಾಫಿ ಕುಡಿದು, ಲೋಟ ಕೆಳಗಿಟ್ಟು, ದನಿ ತಗ್ಗಿಸಿ ಹೇಳಿದ ಮಾತನ್ನು ಅವರು ಅಲ್ಲಿ ಪೆನ್ಸಿಲಿನಲ್ಲಿ ಎರಡು ಸಾಲು ಬರೆಯುವರು. ಕೊನೆಯಲ್ಲಿ ತಪ್ಪದೆ ‘ನಾನೇ ಹೇಳಬೇಕು’ ಎಂದು ಬರೆದು ಕೆಳಗೊಂದು ಗೆರೆ. ಜಾತಕ ಕೂಡಿ, ಎರಡೂ ಮನೆಯವರು ಮುಂದುವರಿಯೋಣ ಎಂದ ಮೇಲಷ್ಟೇ ಆ ವಿಷಯ ಬಾಯಿಗೆ ಬರುವುದು. ಅದೂ ಮಾಮಿಯ ಬಾಯಿಗೆ, ಎದುರಿನ ಮನೆಯ ಒಬ್ಬ ಹಿರಿಯ ಹೆಂಗಸಿನ ಮುಂದೆ, ಅಡುಗೆಮನೆಯಲ್ಲಿ. ನಿಶ್ಚಿತಾರ್ಥವಾದ ಮರುದಿನ ಹುಡುಗಿಯ ಮನೆಯವರನ್ನು ಕರೆಸಿ, ಅವರ ಕಣ್ಣೆದುರಿಗೇ ರಬ್ಬರಿನಿಂದ ಹಿಂಬದಿಯನ್ನು ಉಜ್ಜಿ ಹಾಳೆಯನ್ನು ಅವರ ಕೈಗೇ ಕೊಟ್ಟುಬಿಡುತ್ತಿದ್ದರು. “ಪೆನ್ನಲ್ಲಿ ಯಾಕೆ ಬರೆಯಲ್ಲ ಗೊತ್ತಾ? ಇದಕ್ಕೇ,” ಎನ್ನುವರು.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಟ್ರಂಕ್ ಕಾಲ್ ಜೋಡಿಸಿದ ಕೈ ಅದು. ಊರಿನ ಗುಟ್ಟೆಲ್ಲ ಕಿವಿಯಲ್ಲಿ ಹಾದುಹೋಗಿರಬೇಕು. ಒಮ್ಮೆ ನಾನು ಕೆದಕಿ ಕೇಳಿದೆ, ಯಾರ ಯಾರ ಮಾತು ಕೇಳಿಸಿಕೊಂಡಿದ್ದೀರಿ ಮಾಮಿ, ಒಂದಾದರೂ ಹೇಳಿ ಎಂದು. “ಕೇಳಿದ್ದು ಕೇಳಿಸ್ಲೇ ಇಲ್ಲ ಅಂತ ಇರೋದಕ್ಕೇ ಕಣೇ ನಂಗೆ ಕೆಲಸ ಕೊಟ್ಟಿದ್ದು,” ಎಂದು ಬಾಯಿ ಮುಚ್ಚಿಸಿದರು.

ನನ್ನ ಹಾಳೆಯ ಹಿಂಬದಿಯಲ್ಲೂ ಎರಡು ಸಾಲು ಇತ್ತು. ಹನ್ನೆರಡನೆಯ ವಯಸ್ಸಿನಿಂದ ಕೆಲವು ವರ್ಷ ನನಗೆ ಫಿಟ್ಸ್ ಬರುತ್ತಿತ್ತು. ಆಮೇಲೆ ನಿಂತಿತು, ಆದರೆ ಮಾತ್ರೆ ನಿಲ್ಲಲಿಲ್ಲ. ಅದನ್ನು ಮುಚ್ಚಿಟ್ಟು ಮದುವೆ ಮಾಡಿಬಿಡೋಣ ಎಂದು ನನ್ನ ಸೋದರತ್ತೆ, ಹೇಳಿಬಿಟ್ಟರೆ ಯಾರು ಮಾಡಿಕೊಳ್ಳುತ್ತಾರೆ ಎಂದು ನನ್ನ ಅಮ್ಮ. ಇಪ್ಪತ್ತೊಂಬತ್ತು ತುಂಬಿತ್ತು ನನಗೆ. ಮಾಮಿ ನನ್ನ ಅತ್ತೆಯಾಗಲಿದ್ದವರನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಬಾಗಿಲ ಹಿಂದೆ ನಿಂತು ನಾನು ಕೇಳಿಸಿಕೊಂಡೆ.

“ಹುಡುಗೀಗೆ ಚಿಕ್ಕವಳಿದ್ದಾಗ ಫಿಟ್ಸ್ ಬರ್ತಿತ್ತು. ಈಗ ಹತ್ತು ವರ್ಷದಿಂದ ಬಂದಿಲ್ಲ. ಮಾತ್ರೆ ತೊಗೋತಾಳೆ, ಇನ್ನೂ ತೊಗೋತಾನೇ ಇರ್ತಾಳೆ. ಶರಿ ಅನ್ಸಿದ್ರೆ ಮುಂದಿನ ಮಾತು. ಇಲ್ಲಾಂದ್ರೆ ಕಾಫಿ ಕುಡಿದು ಹೋಗಿ, ಆದರೆ ಈ ಮಾತು ಇಲ್ಲೇ ಬಿಟ್ಟು ಹೋಗಿ.”

ನನ್ನ ಅತ್ತೆ, “ಮಾತ್ರೆ ಊಟದ ಮುಂಚೇನಾ, ಆಮೇಲಾ?” ಎಂದು ಕೇಳಿದರು. ನನ್ನ ಮದುವೆ ನಿಶ್ಚಯವಾದದ್ದು ಆ ಪ್ರಶ್ನೆಯಲ್ಲಿ. ಹತ್ತು ಬಾಯಿ ದಾಟಿ ಅವರ ಕಿವಿಗೆ ಅದೇ ವಿಷಯ ಬಿದ್ದಿದ್ದರೆ ಆ ಪ್ರಶ್ನೆ ಬರುತ್ತಿರಲಿಲ್ಲ ಎಂದು ಈಗಲೂ ನಂಬಿದ್ದೇನೆ. ಮರುದಿನ ನನ್ನ ಗುಟ್ಟು ರಬ್ಬರಿನ ಪುಡಿಯಾಗಿ ಮಾಮಿಯ ಮಡಿಲಿಗೆ ಉದುರಿತು. ಅವರು ಸೀರೆ ಕೊಡವಿಕೊಂಡು ಎದ್ದು ಅನ್ನಕ್ಕೆ ಇಟ್ಟರು.

ಅಂಥವರಿಗೆ ನಾನು ಏನು ಮಾಡಿದೆ ಎಂದು ಬರೆಯಲು ಕೂತಿದ್ದೇನೆ. ಇಷ್ಟು ದಿನ ಬರೆಯದೆ ಇದ್ದದ್ದು ಹೇಡಿತನ.

ನನ್ನ ಕಸುಬು ವೆಬ್‌ಸೈಟ್ ಮಾಡುವುದು. ದೊಡ್ಡ ಕಂಪನಿಯಲ್ಲ, ಮನೆಯಲ್ಲೇ ಒಂದು ಮೇಜು, ಒಂದು ಕಂಪ್ಯೂಟರ್, ಒಂದು ಸ್ಕ್ಯಾನರ್. ಸೀರೆ ಅಂಗಡಿ, ಟ್ಯೂಷನ್ ಸೆಂಟರ್, ಇಂಥವರ ಕೆಲಸ. ಜಾತಕಗಳನ್ನೆಲ್ಲ ಇಂಟರ್ನೆಟ್ಟಿಗೆ ಏರಿಸಬೇಕು ಎಂದು ಇಲ್ಲಿನ ನಮ್ಮವರ ಸಂಘದ ಕಮಿಟಿಯವರು ಹೊರಟಾಗ, ನಾನು ಮಾಡಿಕೊಡುತ್ತೇನೆ ಎಂದು ಮುಂದೆ ಬಿದ್ದೆ. ಮಾಮಿಯ ಋಣ ತೀರಿಸುವ ಹುಮ್ಮಸ್ಸು. ಅವರಿಗೂ ಕಣ್ಣು ಮಂಜಾಗುತ್ತಿತ್ತು, ಟ್ರಂಕಿನಲ್ಲಿ ಹುಡುಕಿ ತೆಗೆಯುವುದು ಕಷ್ಟವಾಗಿತ್ತು. ಆದರೂ ಸುಲಭಕ್ಕೆ ಒಪ್ಪಲಿಲ್ಲ.

“ಪೂಟು ಹಾಕ್ತೀಯಾ?” ಎಂದರು. ಬೀಗಕ್ಕೆ ಅವರ ಬಾಯಲ್ಲಿ ಯಾವಾಗಲೂ ಆ ತಮಿಳು ಮಾತೇ.

“ಹಾಕ್ತೀನಿ ಮಾಮಿ. ಆ ಫೋಲ್ಡರಿಗೇ ಪಾಸ್‌ವರ್ಡ್ ಇರತ್ತೆ. ಅದು ಗೊತ್ತಿಲ್ಲದೆ ಯಾರೂ ಒಳಗೆ ಬರಕ್ಕಾಗಲ್ಲ.”

“ಗೊತ್ತಿರೋರು?”

“ಗೊತ್ತಿರೋರೆಲ್ಲ ನಮ್ಮೋರೇ ಅಲ್ವಾ?”

“ನಮ್ಮೋರ ವಿಷಯಾನೇ ಕೇಳ್ತಿರೋದು ಕಣೇ. ಹೊರಗಿನೋರಿಗೆ ನಮ್ಮ ಮನೆ ಹುಡುಗೀರ ಕಥೆ ಯಾಕ್ ಬೇಕು?”

ನಾನು ನಕ್ಕೆ. ವಯಸ್ಸಾದವರ ಅನುಮಾನ ಎಂದುಕೊಂಡೆ. ಇಪ್ಪತ್ತು ವರ್ಷದ ಕಸುಬಿನಲ್ಲಿ ನಾನು ನನಗೇ ಕೇಳಿಕೊಳ್ಳದ ಪ್ರಶ್ನೆಯನ್ನು ಅವರು ಕಾಫಿ ಸೋಸುತ್ತಾ ಕೇಳಿದ್ದರು. ಟ್ರಂಕಿನ ಬೀಗ ತೆಗೆದ ಮೇಲೂ ಮಾಮಿ ಅದರ ಪಕ್ಕದಲ್ಲೇ ಕೂತಿರುತ್ತಿದ್ದರು. ಯಾರಿಗೆ ಯಾವ ಹಾಳೆ, ಎಷ್ಟು ಹೊತ್ತು ಎಂಬುದು ಅವರ ಕೈಯಲ್ಲಿತ್ತು. ಫೋಲ್ಡರಿನ ಪಕ್ಕದಲ್ಲಿ ಹಾಗೆ ಯಾರೂ ಕೂತಿರುವುದಿಲ್ಲ. ಪಾಸ್‌ವರ್ಡ್ ಒಪ್ಪಿಸಿ ಒಳಗೆ ಬಂದವನಿಗೆ ಅಲ್ಲಿರುವುದೆಲ್ಲ ಸಿಗುತ್ತದೆ. ಇದು ನನಗೆ ಗೊತ್ತಿರದ ವಿಷಯವೇನಲ್ಲ.

ಕೊನೆಗೆ ಒಂದು ಮಾತು ತೆಗೆದುಕೊಂಡು ಹಾಳೆಗಳನ್ನು ಕೊಟ್ಟರು: ಮುಂಬದಿ ಮಾತ್ರ, ಹಿಂದುಗಡೆ ನಾನು ನೋಡಲೂ ಕೂಡದು.

ಅದಕ್ಕಿಂತ ಹಿಂದಿನ ವಾರ ಒಂದು ಟ್ಯೂಷನ್ ಸೆಂಟರಿನ ಪ್ರಶ್ನೆಪತ್ರಿಕೆಗಳಿಗಾಗಿ ಸ್ಕ್ಯಾನರನ್ನು ಎರಡೂ ಬದಿ ತೆಗೆಯುವ ಹಾಗೆ ಇಟ್ಟಿದ್ದೆ. ಬದಲಾಯಿಸುವುದನ್ನು ಮರೆತೆ. ಕಟ್ಟು ಕಟ್ಟಾಗಿ ಹಾಳೆ ಹಾಕುತ್ತಾ ಹೋದೆ, ಅದು ನುಂಗುತ್ತಾ ಹೋಯಿತು. ಎಲ್ಲ ಮುಗಿದ ಮೇಲೆ ನೋಡಿದರೆ ಒಂದೊಂದು ಜಾತಕಕ್ಕೂ ಎರಡೆರಡು ಚಿತ್ರ. ನಲವತ್ತೇಳನೆಯ ಜಾತಕದ ಮುಂಬದಿ ‘47-1’, ಹಿಂಬದಿ ‘47-2’. ಹಿಂಬದಿಯದನ್ನೆಲ್ಲ ಆರಿಸಿ ತೆಗೆಯಬೇಕಿತ್ತು. ಮರುದಿನ ಅಕ್ಷಯ ತದಿಗೆ, ಸಂಘದ ಅಧ್ಯಕ್ಷರು ಶಾಲು ಹೊದ್ದುಕೊಂಡು ಬಂದು ಸೈಟು ಉದ್ಘಾಟಿಸುವವರಿದ್ದರು. ಮುಂಬದಿಯದಕ್ಕೆ ಮಾತ್ರ ಲಿಂಕ್ ಕೊಟ್ಟು ಹಿಂಬದಿಯದನ್ನು ಹಾಗೇ ಬಿಟ್ಟೆ. ಪುಟದ ಮೇಲೆ ಅದು ಕಾಣುವುದಿಲ್ಲ, ಕಾಣದ್ದನ್ನು ಯಾರು ಹುಡುಕುತ್ತಾರೆ, ಆಮೇಲೆ ತೆಗೆದರಾಯಿತು ಎಂದುಕೊಂಡೆ. ಆ ‘ಆಮೇಲೆ’ ಬರಲೇ ಇಲ್ಲ.

ಸೈಟು ಚೆನ್ನಾಗಿ ನಡೆಯಿತು. ನಮ್ಮವರಿಗೆ ಪಾಸ್‌ವರ್ಡ್ ಮಾತ್ರ ನೆನಪಿರುತ್ತಿರಲಿಲ್ಲ, ದಿನಕ್ಕೆ ನಾಲ್ಕು ಜನ ಫೋನ್ ಮಾಡಿ ಕೇಳುವರು. ರೋಸಿಹೋದ ಸಂಘದ ಕಾರ್ಯದರ್ಶಿ ಒಂದು ಉಪಾಯ ಕಂಡುಹಿಡಿದರು. ಹದಿನೈದು ದಿನಕ್ಕೊಮ್ಮೆ ವಾಟ್ಸಾಪ್ ಗುಂಪಿನಲ್ಲಿ ‘ನಾಳೆ ಏಕಾದಶಿ’ ಎಂದು ಕಳಿಸುವ ಸಂದೇಶದ ಕೆಳಗೇ ಪಾಸ್‌ವರ್ಡನ್ನೂ ಸೇರಿಸಿದರು. ಪುಣ್ಯ ಬರಲಿ ಎಂದು ಜನ ಅದನ್ನು ಕಂಡಕಂಡವರಿಗೆಲ್ಲ ಕಳಿಸಿದರು. ನನ್ನ ಗಂಡನ ಆಫೀಸಿನವರೊಬ್ಬರಿಗೂ ಅದು ಬಂದಿತ್ತಂತೆ. ನಾನು ಅದನ್ನು ಮಾಮಿಗೆ ತಮಾಷೆಯಾಗಿ ಹೇಳಿದೆ. ಅವರು ನಗಲಿಲ್ಲ. “ಬದಲಾಯಿಸು,” ಎಂದರು. ಬದಲಾಯಿಸಿದೆ. ಮುಂದಿನ ಏಕಾದಶಿಗೆ ಹೊಸದೂ ಹೊರಟಿತು.

ಒಂದು ಗುರುವಾರ ಸಂಜೆ ಮಾಮಿಯ ಮನೆಯಲ್ಲಿದ್ದೆ. ಒಬ್ಬ ಟೀಚರ್ ಬಂದರು. ಅವರ ಮಗಳು ಆಡಿಟರೊಬ್ಬರ ಆಫೀಸಿನಲ್ಲಿ ಕೆಲಸಕ್ಕಿದ್ದಳು; ಅವಳ ಜಾತಕ ಒಂದು ಒಳ್ಳೆಯ ಮನೆಯ ಹುಡುಗನದಕ್ಕೆ ಕೂಡಿತ್ತು. ಹುಡುಗ ಹುಡುಗಿ ಮಾತಾಡಿ ಒಪ್ಪಿಕೊಂಡೂ ಆಗಿತ್ತು. ಬರುವ ಭಾನುವಾರ ಮಾಮಿ ಹುಡುಗನ ತಾಯಿಯನ್ನು ಅಡುಗೆಮನೆಗೆ ಕರೆಯುವವರಿದ್ದರು. ಟೀಚರ್ ಕೂರಲಿಲ್ಲ. ಹಾಲಿನ ನಡುವೆ ನಿಂತು ಫೋನನ್ನು ಮಾಮಿಯ ಮುಖದ ಮುಂದೆ ಹಿಡಿದರು.

ಪರದೆಯ ತುಂಬ ಮಾಮಿಯ ಅಕ್ಷರ. ‘ಕಾಲೇಜಲ್ಲಿ ಒಂದು ವರ್ಷ ಮನಸ್ಸಿಗೆ ಕಾಯಿಲೆ. ಆಸ್ಪತ್ರೇಲಿ ಹದಿನೈದು ದಿನ. ಈಗ ಪೂರ್ತಿ ಸರಿ. ನಾನೇ ಹೇಳಬೇಕು.’ ಗೆರೆ ಕೂಡ ಕಾಣುತ್ತಿತ್ತು.

“ಹುಡುಗನ ಚಿಕ್ಕಪ್ಪ ಕಳ್ಸಿದಾರೆ ಮಾಮಿ, ಅವರ ಮನೆ ಗ್ರೂಪಿಗೆ. ಅಲ್ಲಿಂದ ನಮ್ಮ ಸ್ಕೂಲ್ ಸ್ಟಾಫ್ ರೂಮಿಗೂ ಬಂತು. ನಿಮ್ಮ ಸೈಟಲ್ಲೇ ಇದೆಯಂತೆ. ಕೊನೇಲಿರೋ ಒಂದನ್ನ ಎರಡು ಮಾಡಿದ್ರೆ ಬರತ್ತಂತೆ.”

ಆ ಚಿಕ್ಕಪ್ಪನಿಗೆ ರಿಟೈರಾದ ಮೇಲೆ ಬೇರೆ ಕೆಲಸವಿರಲಿಲ್ಲ. ವಿಳಾಸದ ಸಾಲಿನ ಕೊನೆಯಲ್ಲಿ ಒಂದು ಇದ್ದರೆ ಎರಡೂ ಇರಬೇಕಲ್ಲ ಎಂದು ಸುಮ್ಮನೆ ಒತ್ತಿ ನೋಡಿದ್ದ. ಬೀಗ ಒಡೆಯಲಿಲ್ಲ, ಕದಿಯಲಿಲ್ಲ. ಏಕಾದಶಿಯ ಸಂದೇಶದಲ್ಲಿದ್ದ ಪಾಸ್‌ವರ್ಡ್ ಹಾಕಿಯೇ ಒಳಗೆ ಬಂದಿದ್ದ. ನನ್ನ ಬೀಗ ಗಟ್ಟಿಯಾಗಿಯೇ ಇತ್ತು, ಆವತ್ತಿಗೂ.

“ನಾನು ನನ್ನ ಅಕ್ಕನಿಗೂ ಹೇಳಿರಲಿಲ್ಲ ಮಾಮಿ,” ಎಂದರು ಟೀಚರ್. “ನಿಮಗೆ ಹೇಳಿದ್ದೆ.”

ಮಾಮಿ ಓದಿ ಮುಗಿಸಿ ತಲೆ ಎತ್ತಿದರು. ಒಮ್ಮೆ ನನ್ನ ಕಡೆ ನೋಡಿದರು. ಅವರಿಗೆ ಎಲ್ಲ ತಿಳಿಯಿತು ಎಂದು ನನಗೂ ತಿಳಿಯಿತು. ನಾನು ಬಾಯಿ ತೆರೆಯಬೇಕಿತ್ತು. ಅಷ್ಟರಲ್ಲಿ ಮಾಮಿ ಹೇಳಿಯೇಬಿಟ್ಟರು.

“ತಪ್ಪು ನಂದಮ್ಮಾ. ಎರಡು ಬದೀನೂ ಹಾಕು ಅಂತ ಇವಳಿಗೆ ನಾನೇ ಹೇಳ್ದೆ. ಈ ಕಂಪ್ಯೂಟರ್ ಎಲ್ಲ ನಂಗೆ ತಿಳಿಯಲ್ಲ. ಯಾರಿಗೂ ಕಾಣಲ್ಲ ಅಂದ್ಕೊಂಡುಬಿಟ್ಟೆ.”

ಟೀಚರ್ ಮಾಮಿಯನ್ನೇ ನೋಡುತ್ತಾ ನಿಂತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಫೋನನ್ನು ಚೀಲಕ್ಕೆ ಹಾಕಿಕೊಂಡು, ಮೆಟ್ಟಿಲಿಳಿದು ಹೋದರು. ಕಾಫಿ ಹಾಗೇ ಇತ್ತು. ನಾನು ಅಳಲು ಶುರುಮಾಡಿದೆ.

“ಯಾಕೆ ಮಾಮಿ ಹಾಗಂದ್ರಿ? ನಾನು ಮಾಡಿದ್ದು ಅಂತ ಹೇಳ್ಬೇಕಾಗಿತ್ತು.”

“ನೀನು ಇದೇ ಕಸುಬು ಮಾಡ್ಕೊಂಡಿರೋಳು. ನಾಳೆಯಿಂದ ನಿಂಗೆ ಯಾರು ಕೆಲಸ ಕೊಡ್ತಾರೆ? ನಂಗೆ ಎಪ್ಪತ್ತಾರು. ಬೈಸ್ಕೊಂಡ್ರೆ ಬೈಸ್ಕೊಂಡೆ.” ಆ ಕಾಫಿ ಲೋಟ ಎತ್ತಿಕೊಂಡು, “ಅಳೋದು ಆಮೇಲೆ. ಮೊದಲು ಅದನ್ನ ಅಳಿಸು,” ಎಂದರು.

ಅಲ್ಲೇ ಕೂತು ಇಡೀ ಫೋಲ್ಡರನ್ನು ತೆಗೆದುಹಾಕಿದೆ. “ಅಳಿಸಿದೆ ಮಾಮಿ,” ಎಂದೆ.

“ಅವರ ಫೋನಿಂದಾನೂ ಹೋಯ್ತಾ?”

ಮಾಮಿ ತುರುಬಿಗೆ ಕೈ ಹಾಕಿ ಪೆನ್ಸಿಲ್ ತೆಗೆದು ಟ್ರಂಕಿನ ಮುಚ್ಚಳದ ಮೇಲಿಟ್ಟರು.

ಮರುದಿನ ಬೆಳಿಗ್ಗೆಯೇ ಕರೆಸಿ, ಇನ್ನು ಯಾರ ಯಾರ ಹಿಂಬದಿ ನೋಡಿದ್ದಾರೆ, ಕಂಡುಹಿಡಿಯಲು ಆಗುತ್ತದೆಯೇ ಎಂದು ಕೇಳಿದರು. ಆಗುತ್ತಿತ್ತು, ಯಾವ ಚಿತ್ರ ಯಾವಾಗ ತೆರೆದರು ಎಂದು ಸರ್ವರ್ ಬರೆದಿಟ್ಟುಕೊಂಡಿರುತ್ತದೆ. ಎಲ್ಲರದೂ ಒಂದೇ ಪಾಸ್‌ವರ್ಡ್ ಆದ್ದರಿಂದ ತೆರೆದವರು ಯಾರು ಎಂದು ಗೊತ್ತಾಗುವ ಹಾಗಿರಲಿಲ್ಲ. ಟೀಚರ್ ಮಗಳದು ಬಿಟ್ಟು ಇನ್ನೂ ಹನ್ನೊಂದು ಹಾಳೆಗಳ ಹಿಂಬದಿ ಹೊರಗೆ ಹೋಗಿತ್ತು. ಆ ಪಟ್ಟಿ ಹಿಡಿದುಕೊಂಡು ಮಾಮಿ ಫೋನಿನ ಮುಂದೆ ಕೂತರು. ಬೇಡ ಮಾಮಿ, ಅವರಿಗೆ ಗೊತ್ತೇ ಇಲ್ಲ, ನಾವಾಗಿ ಯಾಕೆ ಹೇಳಬೇಕು ಎಂದೆ. ಅವರು ನನ್ನತ್ತ ಒಮ್ಮೆ ನೋಡಿ ಫೋನ್ ಕೈಗೆತ್ತಿಕೊಂಡರು.

“ನಾನು ಜಾತಕದ ಮಾಮಿ ಮಾತಾಡ್ತಿರೋದು. ನೀವು ನನ್ನ ಹತ್ರ ಹೇಳಿದ್ದ ವಿಷಯಾನ ಯಾರೋ ನಮ್ಮ ಸೈಟಲ್ಲಿ ನೋಡಿಬಿಟ್ಟಿದಾರೆ. ತಪ್ಪು ನಂದು. ಬೇರೆ ಕಡೆಯಿಂದ ಗೊತ್ತಾಗೋ ಮುಂಚೆ ನಾನೇ ಹೇಳ್ಬೇಕಲ್ವಾ? ಬೈಯೋದಿದ್ರೆ ಬೈರಿ, ನಾನು ಲೈನಲ್ಲೇ ಇದೀನಿ.”

ಹನ್ನೊಂದು ಸಲ ಅದೇ ಮಾತು, ಅದೇ ಎಕ್ಸ್‌ಚೇಂಜಿನ ದನಿ. ಆ ಕಡೆಯವರು ಇಡುವವರೆಗೆ ಇವರು ಫೋನ್ ಇಡಲಿಲ್ಲ. ಒಬ್ಬರು ಮುಕ್ಕಾಲು ಗಂಟೆ ಬೈದರು. ಇನ್ನೊಬ್ಬರು ಅತ್ತರು. ನಾನು ಪಕ್ಕದಲ್ಲಿ ಕೂತು ನಂಬರು ಒತ್ತಿಕೊಟ್ಟೆ. ಪ್ರತಿ ಸಲವೂ, ಫೋನ್ ಇಸಿದುಕೊಂಡು ‘ಅದು ನಾನು’ ಎಂದು ಹೇಳಿಬಿಡಬಹುದಿತ್ತು.

ಆ ಮದುವೆ ಮುರಿಯಿತು. ಹುಡುಗನ ತಾಯಿಯನ್ನು ಮಾಮಿ ಹುಡುಕಿಕೊಂಡು ಹೋಗಿ ಮಾತಾಡಿದರು. ಆ ತಾಯಿ, “ಮುಚ್ಚಿಟ್ಟು ಮಾಡಕ್ಕೆ ಹೊರಟಿದ್ರಿ,” ಎಂದರಂತೆ. ಭಾನುವಾರ ಹೇಳುವವಳಿದ್ದೆ ಎಂದು ಮಾಮಿ ಹೇಳಿದರೆ ಈಗ ಯಾರು ನಂಬುತ್ತಾರೆ? ಆ ಹುಡುಗಿ ಕೆಲಸ ಬಿಟ್ಟು ಕೊಯಮತ್ತೂರಿಗೆ ಹೋದಳು. ಮತ್ತೆ ಜಾತಕ ಹೊರಗೆ ತೆಗೆಯುವುದು ಬೇಡ ಎಂದುಬಿಟ್ಟಳಂತೆ.

ಆಮೇಲಿನ ಭಾನುವಾರಗಳಲ್ಲಿ ಮಾಮಿ ಬಾಗಿಲು ತೆರೆದಿಟ್ಟು ಕೂತಿರುತ್ತಿದ್ದರು. ಅಭ್ಯಾಸಬಲದಿಂದ ಡಿಕಾಕ್ಷನ್ ಜಾಸ್ತಿಯೇ ಇಳಿಸುತ್ತಿದ್ದರು. ಬರುತ್ತಿದ್ದವಳು ನಾನೊಬ್ಬಳು. ಕಮಿಟಿಯವರು ಒಂದು ಸಭೆ ಕರೆದು, ಮಾಮಿಗೆ ವಯಸ್ಸಾಯಿತು, ಇನ್ನು ಈ ಜವಾಬ್ದಾರಿ ಬೇಡ ಎಂದು ತೀರ್ಮಾನಿಸಿದರು. ಆ ಸಭೆಯಲ್ಲಿ ನಾನೂ ಇದ್ದೆ. ಹೊಸ ಸೈಟಿಗೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಬೇಕು ಎಂದು ಸಲಹೆ ಕೊಟ್ಟು ಶಭಾಷ್ ಎನ್ನಿಸಿಕೊಂಡು ಬಂದೆ.

ಮಾಮಿ ಉಳಿದ ಹಾಳೆಗಳನ್ನೆಲ್ಲ ಒಂದೊಂದಾಗಿ ಉಜ್ಜಿದರು. ಎಂಟು ದಿನ ಹಿಡಿಯಿತು. ಎರಡು ರಬ್ಬರು ಸವೆದವು. ಆಟೋದಲ್ಲಿ, ಮೆಟ್ರೋದಲ್ಲಿ ನನ್ನ ತೋಳು ಹಿಡಿದುಕೊಂಡು ಮನೆಮನೆಗೆ ಹೋಗಿ ಅವರವರ ಹಾಳೆ ಅವರವರಿಗೆ ಒಪ್ಪಿಸಿದರು. ಕೆಲವರು ಒಳಗೆ ಕರೆದರು, ಕೆಲವರು ಗೇಟಿನಲ್ಲೇ ಇಸಿದುಕೊಂಡರು. ಟೀಚರ್ ಮನೆಯ ಬಾಗಿಲು ತೆರೆಯಲಿಲ್ಲ. ಒಳಗೆ ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು. ಮಾಮಿ ಹಾಳೆಯನ್ನು ಬಾಗಿಲ ಕೆಳಗೆ ತೂರಿಸಿ, ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, “ಬಾ, ಬಿಸಿಲು,” ಎಂದರು.

ಎರಡು ವರ್ಷ ಹೀಗೇ ಕಳೆಯಿತು. ಈ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ. ಒಂದೇ ಸಲ, ಹೊಸ ಗಿರಾಕಿಯೊಬ್ಬರಿಗೆ ನಾನು ಫೋನಿನಲ್ಲಿ ‘ಪಾಸ್‌ವರ್ಡ್ ಹಾಕಿಕೊಡ್ತೀನಿ, ಭಯ ಇಲ್ಲ’ ಎನ್ನುತ್ತಿದ್ದಾಗ, ಪಕ್ಕದಿಂದ, “ಒಳಗೆ ಏನಿಡಬಾರದು ಅಂತಾನೂ ಹೇಳೇ ಅವರಿಗೆ,” ಎಂದರು. ಈಗ ಎಲ್ಲರಿಗೂ ಹೇಳುತ್ತೇನೆ. ಅದು ಯಾರ ಮಾತು ಎಂದು ಮಾತ್ರ ಹೇಳುವುದಿಲ್ಲ.

ಹೋದ ಧನುರ್ಮಾಸದಲ್ಲಿ ಮಾಮಿ ತೀರಿಕೊಂಡರು. ಕೊನೆಯ ವಾರ ಆಸ್ಪತ್ರೆಯಲ್ಲಿ ಅವರ ಕೈ ಆಗಾಗ ತಲೆಯ ಹಿಂದಕ್ಕೆ ಹೋಗಿ ಏನನ್ನೋ ಹುಡುಕುತ್ತಿತ್ತು. ನರ್ಸ್ ತುರುಬು ಬಿಚ್ಚಿ ಜಡೆ ಹಾಕಿದ್ದಳು.

ಅವರ ತಮ್ಮನ ಮಗಳು ಅಣ್ಣಾ ನಗರದ ಆ ಮನೆಯಲ್ಲೇ ವೈಕುಂಠ ಸಮಾರಾಧನೆ ಮಾಡಿದಳು. ಹೆಚ್ಚು ಜನ ಬಂದಿರಲಿಲ್ಲ. ಎಲೆ ಹಾಕುವುದಕ್ಕೆ ಮುಂಚೆ ಟೀಚರ್ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾಮಿಯ ಫೋಟೋಕ್ಕೆ ಕೈಮುಗಿದು ನನ್ನ ಪಕ್ಕದಲ್ಲೇ ಬಂದು ಕೂತರು. ಟ್ರಂಕು ನಮ್ಮ ಎದುರಿಗೇ ಇತ್ತು, ಮೇಲೆ ಯಾರೋ ಬಾಳೆಹಣ್ಣಿನ ತಟ್ಟೆ ಇಟ್ಟಿದ್ದರು.

“ಎಂಥಾ ಗಟ್ಟಿ ಹೆಂಗಸು,” ಎಂದರು ಅವರು, ದನಿ ತಗ್ಗಿಸಿ. “ಅಷ್ಟು ವರ್ಷ ಒಬ್ಬರ ವಿಷಯಾನೂ ಬಾಯಿ ಬಿಡಲಿಲ್ಲ. ಕೊನೇಲಿ ನನ್ನ ಮಗಳ ವಿಷಯದಲ್ಲೇ ಹಂಗೆ ಮಾಡ್ಬಿಟ್ರಲ್ಲಾಂತ ಹೊಟ್ಟೆ ಉರಿಯತ್ತೆ.”

“ಅವರು ಮಾಡಿದ್ದಲ್ಲ,” ಎಂದೆ. ನನ್ನ ದನಿ ನನಗೇ ಬೇರೆಯವರದೆನ್ನಿಸಿತು. “ಮುಂದಿನ ಬದಿ ಮಾತ್ರ ತೊಗೋ ಅಂತ ನನ್ನ ಹತ್ರ ಮಾತು ತೊಗೊಂಡಿದ್ರು. ಎರಡೂ ಬದಿ ತೊಗೊಂಡೋಳು ನಾನು. ಗೊತ್ತಿದ್ದೂ ತೆಗೀದೆ ಬಿಟ್ಟೋಳೂ ನಾನೇ. ನನ್ನ ಉಳಿಸಕ್ಕೆ ಅವತ್ತು ಹಾಗಂದ್ರು.”

ಟೀಚರ್ ನನ್ನನ್ನು ನೋಡಲಿಲ್ಲ. ಫೋಟೋ ನೋಡುತ್ತಿದ್ದರು. ಬಡಿಸುವವರು ಎಲೆ ಹಾಕಿ ನೀರು ಚಿಮುಕಿಸುತ್ತಾ ನಮ್ಮನ್ನು ದಾಟಿಕೊಂಡು ಹೋದರು.

“ಅವರು ನಮ್ಮ ಮನೆ ಬಾಗಿಲಿಗೆ ಬಂದಿದ್ರು,” ಎಂದರು ಕೊನೆಗೆ. “ನಾನು ಒಳಗೇ ಇದ್ದೆ.”

ಆಮೇಲೆ ಎದ್ದು, ಚೀಲ ಎತ್ತಿಕೊಂಡು, ಹಾಲಿನ ಆ ತುದಿಗೆ ಹೋಗಿ ಕೂತರು.